ಕಣ್ಣು ಮಂಜಾಗಿದ್ದಕ್ಕೆ ಎದೆ ಸಿಟಿ ಸ್ಕ್ಯಾನ್ ಯಾಕೆ ಬರೆದ್ವಿ: ಒಂದು ಪ್ರಕರಣ

54 ವರ್ಷದ ಹೆಂಗಸು, ಹಾಸನದ ಕಡೆಯವರು, ಗುರುತು ಸಿಗಬಾರದು ಅಂತ ಕೆಲವು ವಿವರ ಆಚೆ ಈಚೆ ಮಾಡಿದೀನಿ. ಶುಗರ್ ಆರು ವರ್ಷದಿಂದ ಇದೆ, ಬಿಪಿಗೆ ಎನಾಲಾಪ್ರಿಲ್ ಮಾತ್ರೆ ತಗೊಳ್ತಾರೆ, ಈ ಎನಾಲಾಪ್ರಿಲ್ ಒಂದನ್ನ ನೆನಪಲ್ಲಿಟ್ಕೊಳ್ಳಿ ಮುಂದೆ ಬೇಕಾಗುತ್ತೆ. ನಮ್ಮ ಹತ್ರ ಬರೋ ಹೊತ್ತಿಗೆ ಏಳು ತಿಂಗಳಿಂದ ಎರಡೂ ಕಣ್ಣಲ್ಲಿ ತೊಂದರೆ, ಒಂದೇ ಸಲ ಅಲ್ಲ, ಮೊದಲು ಬಲಗಣ್ಣು ಸ್ವಲ್ಪ ಕೆಂಪಾಗಿ ಬೆಳಕು ನೋಡಕ್ಕಾಗ್ತಿರಲಿಲ್ಲ, ಆಮೇಲೆ ಎಡಗಣ್ಣು, ಆಮೇಲೆ ಕಣ್ಣ ಮುಂದೆ ನೊಣ ಹಾರಾಡಿದ ಹಾಗೆ ಕಪ್ಪು ಚುಕ್ಕೆಗಳು, ಕೊನೆಗೆ ಎಲ್ಲಾ ಮಂಜು ಮಂಜು. ಅಕ್ಕಿ ಆರಿಸಕ್ಕಾಗಲ್ಲ, ಬಸ್ಸಿನ ಬೋರ್ಡ್ ಕಾಣಲ್ಲ. ನೋವು ಅಂತ ದೊಡ್ಡದಾಗೇನೂ ಇರಲಿಲ್ಲ, ಅದೇ ತೊಂದರೆ ಆಗಿದ್ದು, ನೋವಿದ್ದಿದ್ರೆ ಬೇಗ ಬರ್ತಿದ್ರೇನೋ.

ಮಧ್ಯದಲ್ಲಿ ಸುಮಾರು ಕಡೆ ತೋರಿಸಿದ್ರು. ಮೊದಲು ಮದ್ರಾಸ್ ಐ ಅಂತ ಡ್ರಾಪ್ಸ್, ಆಮೇಲೆ ಸ್ಟೀರಾಯ್ಡ್ ಡ್ರಾಪ್ಸ್, ಹಾಕಿದಾಗ ಕಮ್ಮಿ ಬಿಟ್ಟಾಗ ಮತ್ತೆ ಶುರು. ಒಂದು ಕಡೆ ಪೊರೆ ಬಂದಿದೆ ಆಪರೇಷನ್ ಮಾಡೋಣ ಅಂತ ಹೇಳಿ ಫಿಟ್ನೆಸ್‌ಗೆ ರಕ್ತ ಪರೀಕ್ಷೆ, ಇಸಿಜಿ, ಎದೆ ಎಕ್ಸ್‌ರೇ ಎಲ್ಲಾ ಮಾಡಿಸಿದ್ರು. ಎಕ್ಸ್‌ರೇ ಚೀಟಿಯಲ್ಲಿ ಬರೆದಿದ್ದು ಎರಡೇ ಪದ: ಪ್ರೀ ಆಪ್. ರಿಪೋರ್ಟ್ ಬಂದಿದ್ದೂ ಎರಡೇ ಪದ: ನಾರ್ಮಲ್ ಸ್ಟಡಿ. ಆಪರೇಷನ್‌ಗೆ ಮುಂಚೆ ಇನ್ನೊಬ್ಬ ಡಾಕ್ಟರು ನೋಡಿ ಒಳಗೆ ಉರಿಯೂತ ಇದೆ ಈಗ ಕೈ ಹಾಕೋದು ಬೇಡ ಅಂತ ನಿಲ್ಲಿಸಿದ್ರು, ಪುಣ್ಯ, ಯಾಕಂದ್ರೆ ಉರಿಯೂತ ಕುದೀತಿರೋ ಕಣ್ಣಿಗೆ ಪೊರೆ ಆಪರೇಷನ್ ಮಾಡಿದ್ರೆ ಆಮೇಲೆ ಆಗೋ ಕಾಟ ಹೇಳತೀರದು. ಅವರೇ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ 20 ಮಿಲಿಗ್ರಾಂ ಶುರು ಮಾಡಿ ನಮ್ಮ ಯುವಿಯೈಟಿಸ್ ಕ್ಲಿನಿಕ್ಕಿಗೆ ಕಳಿಸಿದ್ದು. ಬರೋ ಹೊತ್ತಿಗೆ ಆ ಮಾತ್ರೆ ಒಂದೂವರೆ ತಿಂಗಳು ನುಂಗಿದ್ರು.

ಯುವಿಯೈಟಿಸ್ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ಬಿಡ್ತೀನಿ. ಕಣ್ಣಿನ ಮಧ್ಯದ ಪದರ ಇರುತ್ತಲ್ಲ, ಮುಂದೆ ಐರಿಸ್, ಅದರ ಹಿಂದೆ ಸಿಲಿಯರಿ ಬಾಡಿ, ಇನ್ನೂ ಹಿಂದೆ ಕೊರಾಯ್ಡ್, ಅದಕ್ಕೆ ಉರಿಯೂತ ಬಂದ್ರೆ ಯುವಿಯೈಟಿಸ್. ಕಾರಣ ಸೋಂಕು ಇರಬಹುದು, ಮೈಯ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದಿರಬಹುದು, ಎಷ್ಟೋ ಸಲ ಕಾರಣ ಸಿಗೋದೇ ಇಲ್ಲ. ಚರ್ಮದಲ್ಲಿ ಗಂಟಾದ್ರೆ ಒಂದು ಚೂರು ಕತ್ತರಿಸಿ ಬಯಾಪ್ಸಿಗೆ ಕಳಿಸ್ತೀವಿ, ಕಣ್ಣೊಳಗಿನ ಕೊರಾಯ್ಡ್‌ನಿಂದ ಹಾಗೆ ಚೂರು ತೆಗೆಯಕ್ಕೆ ಹೋದ್ರೆ ದೃಷ್ಟಿಗೇ ಸಂಚಕಾರ. ಹಾಗಾಗಿ ಅದೇ ಕಾಯಿಲೆ ಮೈಯಲ್ಲಿ ಬೇರೆ ಎಲ್ಲಾದ್ರೂ, ಸೂಜಿ ಹಾಕಕ್ಕಾಗೋ ಜಾಗದಲ್ಲಿ ಕೂತಿದೆಯಾ ಅಂತ ಹುಡುಕೋದು. ಆ ಜಾಗ ಸುಮಾರು ಸಲ ಎದೆ.

ಇವರ ಕಣ್ಣಲ್ಲಿ ಕಂಡಿದ್ದು ಇದು. ದೃಷ್ಟಿ ಬಲಗಣ್ಣು 6/36, ಎಡಗಣ್ಣು 6/24 (ಸರಿಯಾದ ದೃಷ್ಟಿ ಅಂದ್ರೆ 6/6). ಸ್ಲಿಟ್ ಲ್ಯಾಂಪಲ್ಲಿ ಕಾರ್ನಿಯಾದ ಹಿಂಬದಿಗೆ ದಪ್ಪ ದಪ್ಪ ಜಿಡ್ಡಿನ ಹನಿ ಅಂಟಿದ ಹಾಗಿರೋ ಮಟನ್ ಫ್ಯಾಟ್ ಕೆಪಿಗಳು, ಎರಡೂ ಕಣ್ಣಲ್ಲೂ. ಐರಿಸ್ ಮೇಲೆ ಸಣ್ಣ ಗಂಟುಗಳು, ಬುಸಾಕಾ ನೋಡ್ಯೂಲ್ ಅಂತೀವಿ. ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸೋಕೆ ಮುಂಚೆ ಗೋನಿಯೋಸ್ಕೋಪಿ ಮಾಡಿದ್ವಿ, ಅಂದ್ರೆ ಐರಿಸ್ ಮತ್ತೆ ಕಾರ್ನಿಯಾ ಸೇರೋ ಕೋನವನ್ನ ಲೆನ್ಸ್ ಇಟ್ಟು ನೋಡೋದು, ಕೋನದಲ್ಲಿ ಕಣ್ಣೊಳಗಿನ ನೀರು ಸೋಸಿ ಹೋಗೋ ಜಾಲರಿ, ಟ್ರಾಬೆಕ್ಯುಲರ್ ಮೆಶ್‌ವರ್ಕ್, ಮೇಲೂ ಎರಡು ಮೂರು ಗಂಟು, ಒಂದು ಕಡೆ ಟೆಂಟ್ ಎತ್ತಿದ ಹಾಗೆ ಐರಿಸ್ ಅಂಟಿಕೊಂಡಿತ್ತು. (ಈ ಗೋನಿಯೋ ವಿಷಯದಲ್ಲಿ ನನಗೆ ಸ್ವಲ್ಪ ಹಠ. ಬ್ಯುಸಿ ಓಪಿಡಿಯಲ್ಲಿ ಪೇಷೆಂಟ್ ಕೂತ ತಕ್ಷಣ ಪಾಪೆ ಹಿಗ್ಗಿಸೋ ಡ್ರಾಪ್ಸ್ ಬಿದ್ದಿರುತ್ತೆ, ಆಮೇಲೆ ಕೋನದಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಾಗಲ್ಲ.) ಕಣ್ಣೊಳಗಿನ ಜೆಲ್ಲಿಯಲ್ಲಿ, ಅಂದ್ರೆ ವಿಟ್ರಿಯಸ್‌ನಲ್ಲಿ, ಕೆಳಗಡೆ ಸ್ನೋಬಾಲ್ ಅನ್ನೋ ಬಿಳಿ ಉಂಡೆಗಳು, ರೆಟಿನಾ ಅಂಚಲ್ಲಿ ಸಣ್ಣ ಸಣ್ಣ ಹಳದಿ ಕಲೆಗಳು. ರೆಟಿನಾದ ಪದರ ತೋರಿಸೋ ಓಸಿಟಿ ಸ್ಕ್ಯಾನಲ್ಲಿ ಎರಡೂ ಮ್ಯಾಕ್ಯುಲಾ, ಅಂದ್ರೆ ರೆಟಿನಾದ ನಡುಭಾಗ, ಊದಿಕೊಂಡಿತ್ತು, ಬಲಗಡೆ ಮಧ್ಯದ ದಪ್ಪ 480 ಮೈಕ್ರಾನ್. ಬಣ್ಣದ ಔಷಧಿ ಚುಚ್ಚಿ ರೆಟಿನಾದ ಫೋಟೋ ತೆಗೆಯೋ ಎಫ್‌ಎಫ್‌ಎ ಮಾಡಿದಾಗ ರಕ್ತನಾಳಗಳು ಅಲ್ಲಲ್ಲಿ ತುಂಡು ತುಂಡಾಗಿ ಸೋರ್ತಿದ್ವು, ಉದ್ದಕ್ಕೂ ಅಲ್ಲ.

ಇಷ್ಟು ನೋಡಿದ ಮೇಲೆ ಗ್ರಾನ್ಯುಲೋಮಾ, ಅಂದ್ರೆ ಉರಿಯೂತದ ಕಣಗಳು ಗುಂಪುಗೂಡಿ ಆಗೋ ಪುಟ್ಟ ಗಂಟು, ಮಾಡೋ ಜಾತಿಯ ಉರಿಯೂತ ಅನ್ನೋದು ಪಕ್ಕಾ ಆಯ್ತು. ಭಾರತದಲ್ಲಿ ಇಂಥ ಕಣ್ಣು ನೋಡಿದ್ರೆ ತಲೆಗೆ ಬರೋ ಎರಡು ಹೆಸರು ಕ್ಷಯ ಮತ್ತೆ ಸಾರ್ಕಾಯ್ಡೋಸಿಸ್ (ಸೋಂಕಿಲ್ಲದೇ ಮೈಯ ಬೇರೆ ಬೇರೆ ಕಡೆ ಇಂಥ ಗಂಟು ಕಟ್ಟೋ ಕಾಯಿಲೆ), ಜೊತೆಗೆ ಸಿಫಿಲಿಸ್ ಅನ್ನ ಯಾವತ್ತೂ ಬಿಡೋ ಹಾಗಿಲ್ಲ ಯಾಕಂದ್ರೆ ಅದು ಯಾವ ವೇಷದಲ್ಲಾದ್ರೂ ಬರುತ್ತೆ. ಕ್ಷಯ ಮತ್ತೆ ಸಾರ್ಕಾಯ್ಡ್ ಕಣ್ಣಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ವೆ, ಆದ್ರೆ ಒಂದಕ್ಕೆ ತಿಂಗಳುಗಟ್ಟಲೆ ಎಟಿಟಿ, ಅಂದ್ರೆ ಕ್ಷಯದ ಮಾತ್ರೆಗಳು, ಇನ್ನೊಂದಕ್ಕೆ ಸ್ಟೀರಾಯ್ಡ್ ಮತ್ತೆ ಇಮ್ಯೂನಿಟಿ ತಗ್ಗಿಸೋ ಔಷಧಿ. ಕ್ಷಯ ಇದ್ದವರಿಗೆ ಬರೀ ಸ್ಟೀರಾಯ್ಡ್ ಕೊಟ್ರೆ ಕ್ಷಯಕ್ಕೆ ನಾವೇ ಗೇಟ್ ತೆಗೆದ ಹಾಗೆ. ಸಾರ್ಕಾಯ್ಡ್ ಇದ್ದವರಿಗೆ ಸುಮ್ನೆ ಎಟಿಟಿ ಕೊಟ್ರೆ ಲಿವರ್‌ಗೆ ಏಟು, ಅದರ ಮೇಲೆ ಎಟಿಟಿಯಲ್ಲಿರೋ ಎಥಾಂಬ್ಯುಟಾಲ್‌ನಿಂದ ಕಣ್ಣಿನ ನರಕ್ಕೇ ತೊಂದರೆ ಆಗೋ ಚಾನ್ಸ್, ಮೊದಲೇ 6/36 ಇರೋ ಕಣ್ಣಿಗೆ. ಇವರಿಗೂ ಒಬ್ಬರು ಯಾವುದಕ್ಕೂ ಇರಲಿ ಅಂತ ಎಟಿಟಿ ಶುರು ಮಾಡಿ ಅಂದಿದ್ರಂತೆ, ಮಗ ಬೇಡ ಅಂತ ನಿಲ್ಲಿಸಿದ್ದ.

ರಕ್ತ ಪರೀಕ್ಷೆ ಜೊತೆ ಎದೆ ಸ್ಕ್ಯಾನ್ ಮಾಡಿಸ್ಬೇಕು ಅಂದಾಗ ಆಯಮ್ಮ ಕೇಳಿದ್ದು, "ಅಲ್ಲಾ ಸಾರ್, ಕಣ್ ತೋರ್ಸಕ್ ಬಂದ್ರೆ ಎದೆ ಫೋಟೋ ಯಾಕೆ? ನಂಗೆ ಕೆಮ್ಮೂ ಇಲ್ಲ ದಮ್ಮೂ ಇಲ್ಲ."

"ಕೆಮ್ಮು ಇಲ್ಲದೇ ಇದ್ರೂ ಎದೆ ಒಳಗೆ ಇರಬಹುದು ಅಮ್ಮಾ, ಅದನ್ನ ನೋಡಕ್ಕೇ."

"ಹೋದ್ ಸಲ ತೆಗ್ಸಿದ್ವಲ್ಲ ಸಾರ್, ನಾರ್ಮಲ್ ಅಂತ ಬರ್ದವ್ರೆ ನೋಡಿ," ಅಂತ ಮಗ ಹಳೇ ಫಿಲಂ ಕವರ್ ಸಮೇತ ಮುಂದಿಟ್ಟ.

ಆ ಮಾತು ನ್ಯಾಯವೇ. ಅದಕ್ಕೆ ಉತ್ತರ ಆಮೇಲೆ ಹೇಳ್ತೀನಿ, ಮೊದಲು ರಕ್ತ ಪರೀಕ್ಷೆಗಳು ಏನಾದ್ವು ನೋಡೋಣ, ಯಾಕಂದ್ರೆ ಈ ಕೇಸಲ್ಲಿ ಒಂದೊಂದು ಟೆಸ್ಟೂ ಒಂದೊಂದು ಕಾರಣಕ್ಕೆ ಕೈ ಕೊಟ್ಟಿತು.

ಮಾಂಟೂ ಟೆಸ್ಟ್, ಅಂದ್ರೆ ಕ್ಷಯಕ್ಕೆ ಚರ್ಮದಲ್ಲಿ ಚುಚ್ಚಿ ನೋಡೋ ಪರೀಕ್ಷೆ, ಸೊನ್ನೆ. ನಮ್ಮ ದೇಶದಲ್ಲಿ ಹುಟ್ಟಿ ಬೆಳೆದು 54 ವರ್ಷ ಆದವರಿಗೆ ಮಾಂಟೂ ಪೂರ್ತಿ ಸೊನ್ನೆ ಬಂತು ಅಂದ್ರೆ ಅದಕ್ಕೆ ಬೆಲೆ ಇದೆ, ಸಾರ್ಕಾಯ್ಡ್‌ನಲ್ಲಿ ಚರ್ಮದ ಪ್ರತಿಕ್ರಿಯೆ ಹೀಗೆ ಸತ್ತುಹೋಗಿರುತ್ತೆ. ಪಾಸಿಟಿವ್ ಬಂದಿದ್ರೆ ಅದರಿಂದ ಅಷ್ಟೇನೂ ತಿಳೀತಿರಲಿಲ್ಲ, ಇಲ್ಲಿ ಅರ್ಧ ಜನಕ್ಕೆ ಪಾಸಿಟಿವ್ ಬಂದ್ರೂ ಆಶ್ಚರ್ಯ ಇಲ್ಲ. ಆದ್ರೆ ಇವರು ಒಂದೂವರೆ ತಿಂಗಳಿಂದ ಪ್ರೆಡ್ನಿಸೋಲೋನ್ ನುಂಗ್ತಿದ್ರು, ದಿನಕ್ಕೆ 15 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಒಂದು ತಿಂಗಳಾದ್ರೂ ತಗೊಂಡವರಲ್ಲಿ ಮಾಂಟೂ ಸುಳ್ಳೇ ನೆಗೆಟಿವ್ ಬರಬಹುದು. ಸೊನ್ನೆ ಬಂದಿದ್ದು ಕಾಯಿಲೆಯಿಂದಲೋ ಮಾತ್ರೆಯಿಂದಲೋ ಹೇಳೋ ಹಾಗಿಲ್ಲ. ಸರಿ ಅಂತ ಕ್ಷಯಕ್ಕೇ ಇರೋ ರಕ್ತ ಪರೀಕ್ಷೆ ಕ್ವಾಂಟಿಫೆರಾನ್ ಕಳಿಸಿದ್ವಿ, ಅದು ಇನ್‌ಡಿಟರ್ಮಿನೇಟ್, ಅಂದ್ರೆ ಹೌದು ಅಲ್ಲ ಎರಡೂ ಹೇಳಕ್ಕಾಗಲ್ಲ ಅಂತ ಬಂತು, ಕಂಟ್ರೋಲ್ ಟ್ಯೂಬಲ್ಲೇ ರಕ್ತಕಣಗಳು ಸರಿಯಾಗಿ ಸ್ಪಂದಿಸಿರಲಿಲ್ಲ. ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ 900, ಸಾರ್ಕಾಯ್ಡ್‌ನಲ್ಲಿ ಸಾವಿರಕ್ಕಿಂತ ಕಮ್ಮಿ ಆಗೋದು ಒಂದು ಸುಳಿವು, ಆದ್ರೆ ಸ್ಟೀರಾಯ್ಡ್ ಕೂಡ ಲಿಂಫೋಸೈಟ್ ಇಳಿಸುತ್ತೆ. ಇನ್ನು ಎಸಿಇ ಲೆವೆಲ್, ಸಾರ್ಕಾಯ್ಡ್ ಗಂಟುಗಳು ಈ ಎನ್‌ಜೈಮ್ ಉತ್ಪತ್ತಿ ಮಾಡೋದ್ರಿಂದ ಅದು ಏರಿರಬೇಕು. ಇವರಿಗೆ ನಾರ್ಮಲ್‌ಗಿಂತಲೂ ಕೆಳಗೆ. ಈಗ ಎನಾಲಾಪ್ರಿಲ್ ನೆನಪು ಮಾಡ್ಕೊಳ್ಳಿ: ಆ ಗುಂಪಿನ ಬಿಪಿ ಮಾತ್ರೆಯ ಕೆಲಸವೇ ಎಸಿಇ ತಡೆಯೋದು. ಎನಾಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ತಗೊಳ್ಳೋರಿಗೆ ಎಸಿಇ ಟೆಸ್ಟ್ ಬರೆಯೋದು ದುಡ್ಡು ದಂಡ, ಆದ್ರೂ ದಿನಾ ಬರೀತಾರೆ, ರಿಪೋರ್ಟ್ ನಾರ್ಮಲ್ ಅಂತ ಫೈಲಲ್ಲಿ ಸೇರಿಸ್ತಾರೆ. ಸಿಫಿಲಿಸ್‌ಗೆ ಮಾಡೋ ವಿಡಿಆರ್‌ಎಲ್, ಟಿಪಿಎಚ್‌ಎ, ಜೊತೆಗೆ ಎಚ್‌ಐವಿ ಎಲ್ಲಾ ನೆಗೆಟಿವ್, ಕ್ಯಾಲ್ಸಿಯಂ ನಾರ್ಮಲ್, ಅಷ್ಟರ ಮಟ್ಟಿಗೆ ಒಂದು ಬಾಗಿಲು ಮುಚ್ಚಿತು.

ಅಂದ್ರೆ ರಕ್ತದಿಂದ ಉತ್ತರ ಸಿಗೋ ಹಾಗಿರಲಿಲ್ಲ, ಇನ್ನು ಎದೆ ಚಿತ್ರವೇ ಗತಿ.

ಹಳೇ ಎಕ್ಸ್‌ರೇಗೆ ಬರೋಣ. ನಾರ್ಮಲ್ ಅಂತ ಬರೆದ ರೇಡಿಯಾಲಜಿಸ್ಟನ್ನ ಬೈಯ್ಯೋ ಉದ್ದೇಶ ನನಗಿಲ್ಲ. ಪ್ರೀ ಆಪ್ ಅಂತ ಚೀಟಿ ಬಂದ್ರೆ ಅವರು ನೋಡೋದು ಹೃದಯದ ಸೈಜ್, ಶ್ವಾಸಕೋಶದಲ್ಲಿ ದೊಡ್ಡ ಕಲೆ, ನೀರು ತುಂಬಿದೆಯಾ, ಅಷ್ಟೇ, ಅವರಿಗೆ ಕೇಳಿದ ಪ್ರಶ್ನೆಯೇ ಅದು. ನಮ್ಮ ರೇಡಿಯಾಲಜಿಸ್ಟ್ ಜೊತೆ ಕೂತು ಅದೇ ಫಿಲಂ ಮತ್ತೆ ನೋಡಿದ್ವಿ, ಈ ಸಲ ಕೇಳಿದ ಪ್ರಶ್ನೆ ಬೇರೆ, ಹೈಲಂ ತುಂಬಿಕೊಂಡಿದೆಯಾ, ಅಂದ್ರೆ ಶ್ವಾಸಕೋಶದ ಬುಡದಲ್ಲಿ ನಾಳಗಳು ಒಳಗೆ ಹೋಗೋ ಜಾಗದಲ್ಲಿ ಲಿಂಫ್ ನೋಡ್ ಊದಿದೆಯಾ. ಬಲಗಡೆ ಹೈಲಂ ಸ್ವಲ್ಪ ದಪ್ಪ ಅನ್ನಿಸ್ತು, ಆದ್ರೆ ಫಿಲಂ ತೆಗೀವಾಗ ಆಯಮ್ಮ ಒಂಚೂರು ತಿರುಗಿ ನಿಂತಿದ್ರು, ತಿರುಗಿದ ಫಿಲಂನಲ್ಲಿ ಯಾರ ಹೈಲಂ ಆದ್ರೂ ದಪ್ಪ ಕಾಣಬಹುದು. ಡೌಟ್ ಅಂತ ಬರೆದು ಬಿಟ್ವಿ.

ಎಕ್ಸ್‌ರೇಗೆ ಒಂದು ಮಿತಿ ಇದೆ, ಅದು ಬರೀ ನೆರಳು. ಪಾತ್ರೆಗಳನ್ನ ಒಂದರ ಹಿಂದೆ ಒಂದು ಇಟ್ಟು ಗೋಡೆ ಮೇಲೆ ಬಿದ್ದ ನೆರಳಲ್ಲಿ ಎಣಿಸಿ ಅಂದ್ರೆ ದೊಡ್ಡ ಕೊಳಗದ ಹಿಂದಿರೋ ಸಣ್ಣ ಲೋಟ ಸಿಗಲ್ಲ. ಹೃದಯ, ಬೆನ್ನುಮೂಳೆ, ದೊಡ್ಡ ರಕ್ತನಾಳ ಎಲ್ಲಾ ಒಂದರ ಮೇಲೊಂದು ಬೀಳುತ್ವೆ, ಶ್ವಾಸನಾಳ ಎರಡಾಗಿ ಕವಲೊಡೆಯೋ ಜಾಗದ ಕೆಳಗಿರೋ ಸಬ್‌ಕರೈನಲ್ ನೋಡ್ ಅಂತೂ ಚೆನ್ನಾಗಿ ಊದೋ ತನಕ ಅಡಗಿಕೊಂಡೇ ಇರುತ್ತೆ. ಚಿಕ್ಕ ವಯಸ್ಸಿನವರ ಸಾರ್ಕಾಯ್ಡ್‌ನಲ್ಲಿ ನೋಡ್‌ಗಳು ಎರಡೂ ಕಡೆ ದಪ್ಪಗೆ ಕಾಣಿಸಿಕೊಳ್ಳೋದುಂಟು, ಎಕ್ಸ್‌ರೇಯಲ್ಲೇ ಕೇಸ್ ಮುಗಿಯುತ್ತೆ. ವಯಸ್ಸಾದ ಹೆಂಗಸರಲ್ಲಿ ಹಾಗಲ್ಲ, ಎಕ್ಸ್‌ರೇ ನಾರ್ಮಲ್ ಇದ್ದು ಸಿಟಿಯಲ್ಲಿ ನೋಡ್ ಸಿಗೋದು ಯುವಿಯೈಟಿಸ್ ನೋಡೋರಿಗೆಲ್ಲಾ ಗೊತ್ತಿರೋ ವಿಷಯ. ಐವತ್ತು ದಾಟಿದ ಹೆಂಗಸು, ಎರಡೂ ಕಣ್ಣಲ್ಲಿ ಮಟನ್ ಫ್ಯಾಟ್ ಕೆಪಿ, ಸ್ನೋಬಾಲ್, ಅಂಚಲ್ಲಿ ಹಳದಿ ಕಲೆ: ಇವರಿಗೆ ನಾರ್ಮಲ್ ಎಕ್ಸ್‌ರೇ ತೋರಿಸಿ ಸಾರ್ಕಾಯ್ಡ್ ಇಲ್ಲ ಅನ್ನೋದು ನನ್ನ ಪ್ರಕಾರ ತಪ್ಪು.

ಇನ್ನು ಸಿಟಿ ಚೀಟಿ. ಕೋವಿಡ್ ಆದ್ಮೇಲೆ ಹೆಚ್‌ಆರ್‌ಸಿಟಿ, ಅಂದ್ರೆ ತೆಳು ಸ್ಲೈಸ್‌ಗಳ ಸಿಟಿ, ಅನ್ನೋ ಪದ ಮನೆಮನೆಗೂ ಗೊತ್ತು, ಈ ಮಗ ಕೂಡ ಸ್ಕ್ಯಾನ್ ಆದ ತಕ್ಷಣ ಕೇಳಿದ್ದು "ಸ್ಕೋರ್ ಎಷ್ಟು ಸಾರ್?" ಡಾಕ್ಟರುಗಳಿಗೂ ಅದೇ ಅಭ್ಯಾಸ ಆಗಿಬಿಟ್ಟಿದೆ, ಎದೆ ಅಂದ್ರೆ ಹೆಚ್‌ಆರ್‌ಸಿಟಿ ಅಂತ ಬರೆದು ಬಿಸಾಕೋದು. ಹೆಚ್‌ಆರ್‌ಸಿಟಿಯಲ್ಲಿ ಶ್ವಾಸಕೋಶದ ಒಳಗಿನ ಸಣ್ಣ ಕಾಳುಗಳು ಚೆನ್ನಾಗಿ ಕಾಣುತ್ವೆ ನಿಜ, ಆದ್ರೆ ಕಾಂಟ್ರಾಸ್ಟ್ ಔಷಧಿ ಕೊಡದೇ ತೆಗೆದ್ರೆ ಹೈಲಂನಲ್ಲಿ ಯಾವುದು ನೋಡ್ ಯಾವುದು ರಕ್ತನಾಳ ಅಂತ ಬಿಡಿಸೋದು ಕಷ್ಟ, ನೋಡ್ ಒಳಗೆ ಕೊಳೆತಿದೆಯಾ ಅನ್ನೋದಂತೂ ಗೊತ್ತಾಗಲ್ಲ. ನಮಗೆ ಬೇಕಾಗಿದ್ದೇ ಅದು. ಹಾಗಾಗಿ ಕಿಡ್ನಿ ಸರಿ ಇದೆಯಾ ಅಂತ ಕ್ರಿಯಾಟಿನಿನ್ ನೋಡಿಕೊಂಡು, 0.8 ಇತ್ತು, ಕಾಂಟ್ರಾಸ್ಟ್ ಸಿಟಿ, ಜೊತೆಗೆ ಶ್ವಾಸಕೋಶಕ್ಕೆ ತೆಳು ಸ್ಲೈಸ್ ಅಂತ ಕೇಳಿದ್ವಿ. ಚೀಟಿಯಲ್ಲಿ ಬರೆದಿದ್ದು ಹೆಚ್ಚು ಕಮ್ಮಿ ಹೀಗೆ: ಎರಡೂ ಕಣ್ಣಿಗೆ ಗ್ರಾನ್ಯುಲೋಮಾ ತರಹದ ಯುವಿಯೈಟಿಸ್, ಸಾರ್ಕಾಯ್ಡ್ ಅಥವಾ ಕ್ಷಯ ಅನುಮಾನ, ಒಂದೂವರೆ ತಿಂಗಳಿಂದ ಸ್ಟೀರಾಯ್ಡ್ ಮೇಲಿದಾರೆ, ಹೈಲಂ ಮತ್ತೆ ಮೀಡಿಯಾಸ್ಟೈನಮ್ (ಎರಡು ಶ್ವಾಸಕೋಶದ ನಡುವಿನ ಜಾಗ) ನೋಡ್‌ಗಳ ಸೈಜ್, ಒಳಗೆ ಕೊಳೆತ ಇದೆಯಾ, ಸೂಜಿಗೆ ಸಿಗೋ ನೋಡ್ ಯಾವುದು, ದಯವಿಟ್ಟು ತಿಳಿಸಿ. ಸ್ಟೀರಾಯ್ಡ್ ವಿಷಯ ಬರೆದಿದ್ದು ಯಾಕಂದ್ರೆ ಆ ಮಾತ್ರೆ ನೋಡ್‌ಗಳನ್ನ ಕುಗ್ಗಿಸುತ್ತೆ, ರೇಡಿಯಾಲಜಿಸ್ಟ್‌ಗೆ ಅದು ಗೊತ್ತಿದ್ರೆ ಒಂದು ಸೆಂಟಿಮೀಟರ್ ಆಸುಪಾಸಿನ ನೋಡನ್ನ ಸುಮ್ನೆ ಬಿಟ್ಟುಬಿಡಲ್ಲ. ಆದಷ್ಟೂ ಮಾತ್ರೆ ಶುರು ಮಾಡೋಕೆ ಮುಂಚೆ ಸ್ಕ್ಯಾನ್ ಆಗಿದ್ರೆ ಒಳ್ಳೇದು, ಇಲ್ಲಿ ಆ ಅವಕಾಶ ತಪ್ಪಿಹೋಗಿತ್ತು.

ರಿಪೋರ್ಟ್ ಒಂದೂವರೆ ಪೇಜ್ ಬಂತು. ಎರಡೂ ಹೈಲಂನಲ್ಲಿ ಸಮಸಮವಾಗಿ ಊದಿದ ನೋಡ್‌ಗಳು, ಬಲಗಡೆ ಶ್ವಾಸನಾಳದ ಪಕ್ಕ ಒಂದು ಗುಂಪು, ಎಲ್ಲಕ್ಕಿಂತ ದೊಡ್ಡದು ಸಬ್‌ಕರೈನಲ್, 1.8 ಸೆಂಟಿಮೀಟರ್. ಎಲ್ಲಾ ಬಿಡಿಬಿಡಿಯಾಗಿವೆ, ಒಂದಕ್ಕೊಂದು ಅಂಟಿಕೊಂಡಿಲ್ಲ, ಕಾಂಟ್ರಾಸ್ಟ್ ಒಳಗೆಲ್ಲಾ ಒಂದೇ ಸಮ ಹಿಡಿದಿದೆ. ಶ್ವಾಸಕೋಶದ ಮೇಲಿನ ಭಾಗದಲ್ಲಿ ಸಣ್ಣ ಕಾಳುಗಳು, ಎಲ್ಲಾ ಕಡೆ ಚೆಲ್ಲಿದ ಹಾಗಲ್ಲ, ಶ್ವಾಸನಾಳದ ಗುಂಟ ಮತ್ತೆ ಫಿಶರ್, ಅಂದ್ರೆ ಶ್ವಾಸಕೋಶದ ಭಾಗಗಳ ನಡುವಿನ ಗೆರೆ, ಗುಂಟ ಸಾಲಾಗಿ ಕೂತಿವೆ, ಲಿಂಫ್ ನಾಳ ಹರಿಯೋ ದಾರಿಯಲ್ಲೇ. ಕ್ಯಾವಿಟಿ ಇಲ್ಲ, ನೀರಿಲ್ಲ.

ಇದನ್ನ ಓದೋದು ಹೇಗೆ? ಕ್ಷಯದ ನೋಡ್ ಸಾಮಾನ್ಯವಾಗಿ ಒಂದೇ ಕಡೆ ಅಥವಾ ಒಂದು ಕಡೆ ಜಾಸ್ತಿ, ಒಂದಕ್ಕೊಂದು ಅಂಟಿಕೊಂಡು ಮುದ್ದೆ ಆಗಿರುತ್ತೆ, ಕಾಂಟ್ರಾಸ್ಟ್ ಕೊಟ್ಟಾಗ ಅಂಚು ಮಾತ್ರ ಹೊಳೆದು ಮಧ್ಯ ಕಪ್ಪಾಗಿ ಉಳಿಯುತ್ತೆ, ಆ ಕಪ್ಪು ಅಂದ್ರೆ ಕೊಳೆತ. ಸಾರ್ಕಾಯ್ಡ್‌ನದು ಎರಡೂ ಹೈಲಂ ಜೊತೆ ಬಲ ಶ್ವಾಸನಾಳದ ಪಕ್ಕ, ಈ ಮೂರರ ಜೋಡಿಗೆ ಗಾರ್ಲೆಂಡ್ ಟ್ರೈಯಡ್ ಅಂತ ಹೆಸರು. ಲಿಂಫೋಮಾ, ಅಂದ್ರೆ ಲಿಂಫ್ ನೋಡ್ ಕ್ಯಾನ್ಸರ್, ಇನ್ನೊಂದು ಅನುಮಾನ, ಆದ್ರೆ ಅದರಲ್ಲಿ ನೋಡ್‌ಗಳು ಎದೆ ಮುಂಭಾಗದಲ್ಲೂ ದಪ್ಪ ಆಗೋದು ಜಾಸ್ತಿ, ತೂಕ ಇಳಿಯೋದು, ರಾತ್ರಿ ಬೆವರು, ಜ್ವರ ಇರಬಹುದು, ಇವರಿಗೆ ಯಾವುದೂ ಇಲ್ಲ. ಇಷ್ಟಾದ್ರೂ ಇವೆಲ್ಲಾ ಸಾಮಾನ್ಯವಾಗಿ ಅನ್ನೋ ಮಾತುಗಳು, ಕ್ಷಯ ನಿಯಮ ಪಾಲಿಸುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ, ಎರಡೂ ಕಡೆ ಸಮ ಊದಿ ಒಳಗೆ ಕೊಳೆಯದ ಕ್ಷಯದ ನೋಡ್‌ಗಳೂ ಇರುತ್ವೆ. ರಿಪೋರ್ಟ್ ನೋಡಿ ಮಗ ಮೊಬೈಲಲ್ಲಿ ಹುಡುಕಿ ಹೆದರಿಬಿಟ್ಟಿದ್ದ, ಎದೇಲಿ ಗಂಟು ಅಂದ್ರೆ ಕ್ಯಾನ್ಸರೇ ಅಂತ. ಅವನಿಗೆ ಚಿತ್ರ ತೋರಿಸಿ ಹೇಳೋದಕ್ಕೆ ಅಮ್ಮನಿಗಿಂತ ಜಾಸ್ತಿ ಹೊತ್ತು ಬೇಕಾಯ್ತು.

ಎದೆಗೂ ಕಣ್ಣಿಗೂ ಇರೋ ಈ ನಂಟು ಹಳೇದು. ಡೆನ್ಮಾರ್ಕಿನ ಕಣ್ಣಿನ ಡಾಕ್ಟರು ಹೀರ್‌ಫೋರ್ಟ್ 1909ರಲ್ಲೇ ಯುವಿಯೈಟಿಸ್, ಕೆನ್ನೆಯ ಪರೋಟಿಡ್ ಗ್ರಂಥಿ ಊತ, ಜ್ವರ, ಕೆಲವರಿಗೆ ಮುಖದ ನರ ಬಿದ್ದುಹೋಗೋದು, ಇವೆಲ್ಲಾ ಒಟ್ಟಿಗೆ ಬರೋದನ್ನ ಬರೆದಿದ್ರು, ಅದು ಸಾರ್ಕಾಯ್ಡೇ ಅಂತ ಗೊತ್ತಾಗಿದ್ದು ಆಮೇಲೆ. ಸಾರ್ಕಾಯ್ಡ್ ಇರೋರಲ್ಲಿ 90 ಪರ್ಸೆಂಟ್ ಜನಕ್ಕೆ ಎದೆ ಒಳಗೆ ಏನಾದ್ರೂ ಇದ್ದೇ ಇರುತ್ತೆ ಅಂತ ಪುಸ್ತಕಗಳು ಹೇಳ್ತವೆ, ಸುಮಾರು ಜನಕ್ಕೆ ಗೊತ್ತೇ ಆಗಲ್ಲ. ಎಕ್ಸ್‌ರೇ ನೋಡಿ ಹಂತ ಹೇಳೋ ಪದ್ಧತಿ 1961ರಲ್ಲಿ ಸ್ಕ್ಯಾಡಿಂಗ್ ಅನ್ನೋ ಬ್ರಿಟಿಷ್ ಎದೆ ಡಾಕ್ಟರು ಮಾಡಿದ್ದು, ಬರೀ ನೋಡ್ ಇದ್ರೆ ಒಂದು, ನೋಡ್ ಜೊತೆ ಶ್ವಾಸಕೋಶದಲ್ಲೂ ಇದ್ರೆ ಎರಡು, ಹೀಗೆ. ಹಂತ ಅಂದ ತಕ್ಷಣ ಕ್ಯಾನ್ಸರ್ ಹಂತದ ಹಾಗೆ ಒಂದಾದ ಮೇಲೆ ಒಂದು ಏರುತ್ತೆ ಅಂದ್ಕೋಬೇಡಿ, ಹಾಗೇನಿಲ್ಲ.

ಕಣ್ಣಿನ ಸಾರ್ಕಾಯ್ಡ್‌ಗೆ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ, ಐವಾಸ್ ಅಂತೀವಿ, 2009ರಲ್ಲಿ ಮೊದಲು ಪ್ರಕಟ ಆಯ್ತು, ಪರಿಷ್ಕರಿಸಿದ್ದು 2019ರಲ್ಲಿ ಬಂತು. ಅದರ ಪ್ರಕಾರ ಬಯಾಪ್ಸಿ ಇಲ್ಲದೇ ಇದ್ರೂ ಎರಡೂ ಹೈಲಂ ನೋಡ್ ಊದಿದ್ದು ಎಕ್ಸ್‌ರೇ ಅಥವಾ ಸಿಟಿಯಲ್ಲಿ ಕಂಡು, ಕಣ್ಣಲ್ಲಿ ಹೇಳಿರೋ ಏಳು ಚಿಹ್ನೆಯಲ್ಲಿ ಎರಡಾದ್ರೂ ಇದ್ದು, ಬೇರೆ ಕಾರಣಗಳನ್ನ ಪಕ್ಕಕ್ಕಿಟ್ಟಿದ್ರೆ, ಸಾರ್ಕಾಯ್ಡ್ ಅಂತ ಅಂದಾಜು ಮಾಡಬಹುದು. ಇವರ ಕಣ್ಣಲ್ಲಿ ಎರಡಲ್ಲ ಆರು ಇದ್ವು. ಕ್ಷಯ ಅಪರೂಪ ಇರೋ ದೇಶದಲ್ಲಾಗಿದ್ರೆ ಬಹುಶಃ ಇಲ್ಲಿಗೇ ನಿಲ್ಲಿಸಿ ಔಷಧಿ ಶುರು ಮಾಡ್ತಿದ್ರು. ಜಗತ್ತಿನ ಕ್ಷಯ ರೋಗಿಗಳಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಇರೋ ನಮ್ಮ ದೇಶದಲ್ಲಿ, ವರ್ಷಗಟ್ಟಲೆ ಇಮ್ಯೂನಿಟಿ ತಗ್ಗಿಸೋ ಔಷಧಿ ಕೊಡ್ಬೇಕು ಅಂತಿರೋವಾಗ, ಅದೂ ಶುಗರ್ ಇರೋರಿಗೆ, ಅಂದಾಜಿನ ಮೇಲೆ ಹೋಗೋಕೆ ನನಗೆ ಮನಸ್ಸಿರಲಿಲ್ಲ. ಎದೆ ಡಾಕ್ಟರೂ ಅದನ್ನೇ ಹೇಳಿದ್ರು. ಸಿಟಿ ನೋಡ್ ಎಲ್ಲಿದೆ ಅಂತ ತೋರಿಸಿಕೊಟ್ಟಿದೆ, ಸೂಜಿ ಹಾಕೋದೇ ಸರಿ ಅಂತ.

ಈಬಸ್ ಅಂತ ಮಾಡ್ತಾರೆ, ಬಾಯಿ ಮೂಲಕ ಬ್ರಾಂಕೋಸ್ಕೋಪ್ ಇಳಿಸಿ ಅದರ ತುದಿಯಲ್ಲಿರೋ ಅಲ್ಟ್ರಾಸೌಂಡಲ್ಲಿ ನೋಡಿಕೊಂಡು ಶ್ವಾಸನಾಳದ ಗೋಡೆ ದಾಟಿ ನೋಡ್‌ಗೆ ಸೂಜಿ ಹಾಕೋದು. ಕೊಯ್ಯೋದಿಲ್ಲ, ಹೊಲಿಗೆ ಇಲ್ಲ, ಬೆಳಗ್ಗೆ ಹೋದವರು ಸಂಜೆ ಮನೆಗೆ. ಸಬ್‌ಕರೈನಲ್ ನೋಡ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಇಲ್ಲೂ ಚೀಟಿಯದೇ ಕಥೆ. ಗ್ರಾನ್ಯುಲೋಮಾ ಇದೆಯಾ ನೋಡಿ ಅಂತಷ್ಟೇ ಬರೆದ್ರೆ ಸ್ಯಾಂಪಲ್ ಪೂರ್ತಿ ಫಾರ್ಮಲಿನ್‌ಗೆ ಬೀಳುತ್ತೆ, ಫಾರ್ಮಲಿನ್‌ಗೆ ಬಿದ್ದಿದ್ದನ್ನ ಆಮೇಲೆ ಕಲ್ಚರ್ ಮಾಡಕ್ಕಾಗಲ್ಲ, ಅಂದ್ರೆ ಬ್ಯಾಕ್ಟೀರಿಯಾ ಬೆಳೆಸಿ ನೋಡಕ್ಕಾಗಲ್ಲ. ಒಂದು ಪಾಲು ಪೆಥಾಲಜಿಗೆ, ಒಂದು ಪಾಲು ಸಲೈನಲ್ಲಿ ಸಿಬಿನಾಟ್ (ಕ್ಷಯದ ಬ್ಯಾಕ್ಟೀರಿಯಾದ ಜೀನ್ ಹುಡುಕೋ ಟೆಸ್ಟ್) ಮತ್ತೆ ಕ್ಷಯದ ಕಲ್ಚರ್‌ಗೆ ಅಂತ ಮೊದಲೇ ಬರೆದು, ಫೋನಲ್ಲೂ ಹೇಳಿ ಕಳಿಸಿದ್ವಿ.

ಪೆಥಾಲಜಿಯಲ್ಲಿ ಅಚ್ಚುಕಟ್ಟಾದ ಗ್ರಾನ್ಯುಲೋಮಾಗಳು, ಮಧ್ಯದಲ್ಲಿ ಕೊಳೆತ ಇಲ್ಲ, ಕ್ಯಾನ್ಸರ್ ಕಣ ಇಲ್ಲ, ಕ್ಷಯದ ಬ್ಯಾಕ್ಟೀರಿಯಾ ಸ್ಟೇನಲ್ಲಿ ಕಾಣಲಿಲ್ಲ. ಸಿಬಿನಾಟ್ ನೆಗೆಟಿವ್. ಕಲ್ಚರ್ ಆರು ವಾರ ಕಾಯಬೇಕು.

ಈ ಆರು ವಾರವೇ ನಿಜವಾದ ತಲೆನೋವು. ಮ್ಯಾಕ್ಯುಲಾ ಊತ ಹಾಗೇ ಬಿಟ್ರೆ ದೃಷ್ಟಿ ವಾಪಸ್ ಬರದೇ ಹೋಗಬಹುದು, ಪೂರ್ತಿ ಡೋಸ್ ಕೊಟ್ಟು ಆಮೇಲೆ ಕಲ್ಚರ್ ಪಾಸಿಟಿವ್ ಬಂದ್ರೆ ಇನ್ನೊಂದು ಪೇಚು. ಎದೆ ಡಾಕ್ಟರು, ಶುಗರ್ ಡಾಕ್ಟರು, ನಾವು ಮಾತಾಡಿಕೊಂಡು ಮಾಡಿದ್ದು ಇಷ್ಟು: ಪ್ರೆಡ್ನಿಸೋಲೋನ್ 40ಕ್ಕೆ ಏರಿಸಿದ್ವಿ, ಕಣ್ಣಿಗೆ ಸ್ಟೀರಾಯ್ಡ್ ಡ್ರಾಪ್ಸ್ ಜಾಸ್ತಿ ಮಾಡಿದ್ವಿ, ಇಮ್ಯೂನಿಟಿ ತಗ್ಗಿಸೋ ಮೆಥೋಟ್ರೆಕ್ಸೇಟ್ ಮಾತ್ರ ಕಲ್ಚರ್ ಬರೋ ತನಕ ತಡೆದು ಇಟ್ವಿ. ಸಿಟಿಯ ಚಿತ್ರ, ಪೆಥಾಲಜಿ, ಕಣ್ಣು ಮೂರೂ ಒಂದೇ ದಿಕ್ಕಿಗೆ ಬೊಟ್ಟು ಮಾಡ್ತಿದ್ದಿದ್ದಕ್ಕೆ ಆ ಧೈರ್ಯ. ಶುಗರ್ ಏರಿತು, ಏರದೇ ಇರುತ್ತಾ, ಕೆಲವು ದಿನ ಇನ್ಸುಲಿನ್ ತಗೊಳ್ಳಬೇಕಾಯ್ತು, ಆಯಮ್ಮನಿಗೆ ಕಣ್ಣಿಗಿಂತ ಅದೇ ದೊಡ್ಡ ಬೇಜಾರು. ಇಸಿಜಿ ಮತ್ತೆ ತೆಗೆಸಿದ್ವಿ, ಸಾರ್ಕಾಯ್ಡ್ ಹೃದಯದಲ್ಲಿ ಕೂತ್ರೆ ಅದು ಅಪಾಯದ ಆಟ, ಇವರದ್ದು ನಾರ್ಮಲ್.

ಕಣ್ಣಲ್ಲಿ ಕಂಡಿದ್ದು ಬೇರೆ ಆಗಿದ್ರೆ ಇದೇ ಎದೆ ಚಿತ್ರವನ್ನ ನಾನು ಬೇರೆ ತರಹ ಓದ್ತಿದ್ದೆ. ರೆಟಿನಾ ಕೆಳಗೆ ಹಾವು ಹರಿದ ಹಾಗೆ ಅಂಚಿನಲ್ಲಿ ಹರಡ್ತಾ ಹೋಗೋ ಸರ್ಪಿಜಿನಸ್ ತರಹದ ಕೊರಾಯ್ಡೈಟಿಸ್ ಇದ್ದು, ಮಾಂಟೂ ದೊಡ್ಡದಾಗಿ ಎದ್ದಿದ್ರೆ, ಎಕ್ಸ್‌ರೇ ಕ್ಲೀನ್ ಆಗಿದ್ರೂ ನಾನು ಕ್ಷಯದ ಕಡೆಗೇ ವಾಲ್ತಿದ್ದೆ. ಕಣ್ಣಿನ ಕ್ಷಯ ಇರೋ ಎಷ್ಟೋ ಜನರ ಶ್ವಾಸಕೋಶದಲ್ಲಿ ಕ್ಷಯದ ಗುರುತೇ ಇರಲ್ಲ, ಕಫ ಪರೀಕ್ಷೆಯಲ್ಲೂ ಏನೂ ಸಿಗಲ್ಲ. ಎದೆ ಕ್ಲೀನ್ ಇದೆ ಅಂದ ಮಾತ್ರಕ್ಕೆ ಕಣ್ಣಿನ ಕ್ಷಯ ಇಲ್ಲ ಅನ್ನೋ ಹಾಗಿಲ್ಲ, ಹಾಗೇ ಎದೇಲಿ ಹಳೇ ವಾಸಿಯಾದ ಸುಣ್ಣಗಟ್ಟಿದ ಕಲೆ ಸಿಕ್ಕಿದ ಮಾತ್ರಕ್ಕೆ ಕಣ್ಣಿನ ಉರಿಯೂತ ಕ್ಷಯದ್ದೇ ಅಂತಲೂ ಅಲ್ಲ, ನಮ್ಮಲ್ಲಿ ಅಂಥ ಕಲೆ ಇಟ್ಕೊಂಡು ಆರಾಮಾಗಿ ಓಡಾಡೋರು ಬೇಕಾದಷ್ಟು ಜನ.

ಹಾಗಂತ ಕಣ್ಣು ಕೆಂಪಾದವರಿಗೆಲ್ಲಾ ಎದೆ ಸಿಟಿ ಬರೀಬೇಕಾ? ಬೇಡ. ಮೂವತ್ತರ ಹುಡುಗ, ಒಂದೇ ಕಣ್ಣು ಇದ್ದಕ್ಕಿದ್ದಂಗೆ ಕೆಂಪಾಗಿ ನೋವು, ಬೆಳಗ್ಗೆ ಎದ್ದಾಗ ಸೊಂಟ ಮರಗಟ್ಟುತ್ತೆ ಅಂತಾನೆ ಅಂದ್ರೆ ಅವನಿಗೆ ಬೇಕಾಗಿರೋದು ಬೆನ್ನುಮೂಳೆ ಸಂಧಿವಾತದ ಸುಳಿವು ಕೊಡೋ ಎಚ್‌ಎಲ್‌ಎ ಬಿ27 ರಕ್ತ ಪರೀಕ್ಷೆ ಮತ್ತೆ ಸೊಂಟದ ಕೀಲಿನ ಚಿತ್ರ, ಎದೆಯದ್ದಲ್ಲ. ಸಿಟಿಯ ರೇಡಿಯೇಶನ್ ಕೂಡ ಲೆಕ್ಕಕ್ಕೆ ತಗೋಬೇಕು, ಎದೆ ಎಕ್ಸ್‌ರೇಗೆ 0.1 ಮಿಲಿಸೀವರ್ಟ್ ಆಸುಪಾಸು ಅಥವಾ ಇನ್ನೂ ಕಮ್ಮಿ, ಸಾಮಾನ್ಯ ಎದೆ ಸಿಟಿಗೆ ಐದಾರು ಮಿಲಿಸೀವರ್ಟ್, ಅಂದ್ರೆ ನಾವು ಸುಮ್ನೆ ಭೂಮಿ ಮೇಲೆ ಎರಡು ವರ್ಷ ಬದುಕಿದ್ರೆ ಬೀಳೋಷ್ಟು. ಈ ಹೆಂಗಸಿಗೆ ಅದು ಸಲ್ಲುತ್ತೆ, ಇಪ್ಪತ್ತರ ಹುಡುಗಿಗೆ ಮೂರು ಸಲ ಯೋಚನೆ ಮಾಡ್ಬೇಕು. ಪೆಟ್ ಸ್ಕ್ಯಾನ್ ಮಾಡಿಸಿದ್ರೆ ಒಂದೇ ಏಟಿಗೆ ಗೊತ್ತಾಗುತ್ತಲ್ಲ ಅಂತ ಕೇಳೋರಿದಾರೆ. ಪೆಟ್‌ನಲ್ಲಿ ಸಾರ್ಕಾಯ್ಡೂ ಹೊಳೆಯುತ್ತೆ, ಕ್ಷಯನೂ ಹೊಳೆಯುತ್ತೆ, ಲಿಂಫೋಮಾನೂ ಹೊಳೆಯುತ್ತೆ, ಎಲ್ಲಿ ಸೂಜಿ ಹಾಕಬೇಕು ಅಂತ ಹೇಳುತ್ತೆ ಹೊರತು ಯಾವ ಕಾಯಿಲೆ ಅಂತ ಹೇಳಲ್ಲ, ಸಿಟಿಯಲ್ಲಿ ಏನೂ ಸಿಗದೇ ಅನುಮಾನ ಮಾತ್ರ ಬಲವಾಗಿದ್ದಾಗ ಅದನ್ನ ಬರೆಯೋದು ಸರಿ.

ಕಲ್ಚರ್ ಆರು ವಾರಕ್ಕೆ ನೆಗೆಟಿವ್ ಅಂತ ಬಂತು. ಅವತ್ತೇ ಮೆಥೋಟ್ರೆಕ್ಸೇಟ್ ವಾರಕ್ಕೊಂದು ಸಲ 15 ಮಿಲಿಗ್ರಾಂ, ಜೊತೆಗೆ ಫೋಲಿಕ್ ಆಸಿಡ್. ವಾರಕ್ಕೊಂದು ಸಲ ಅನ್ನೋದನ್ನ ಚೀಟಿಯಲ್ಲಿ ಭಾನುವಾರ ಮಾತ್ರ ಅಂತ ದಪ್ಪ ಅಕ್ಷರದಲ್ಲಿ ಬರೆದು ಮಗನ ಹತ್ರ ಬಾಯಲ್ಲಿ ಹೇಳಿಸಿಕೊಂಡ್ವಿ, ಈ ಮಾತ್ರೆ ತಪ್ಪಿ ದಿನಾ ನುಂಗಿ ಪ್ರಾಣಕ್ಕೇ ಕುತ್ತು ತಂದುಕೊಂಡವರು ಇದಾರೆ. ನಾಲ್ಕನೇ ತಿಂಗಳಿಗೆ ಎಡಗಣ್ಣು 6/9, ಬಲಗಣ್ಣು 6/18, ಬಲಗಡೆ ಮ್ಯಾಕ್ಯುಲಾ 270 ಮೈಕ್ರಾನ್‌ಗೆ ಇಳಿದಿದೆ, ಐರಿಸ್ ಗಂಟುಗಳು ಕರಗಿವೆ, ಪ್ರೆಡ್ನಿಸೋಲೋನ್ 7.5ಕ್ಕೆ ಬಂದಿದೆ, ಇನ್ಸುಲಿನ್ ನಿಂತಿದೆ. ಬಲಗಣ್ಣಿನ ಪೊರೆ ಈಗ ನಿಜವಾಗಲೂ ಅಡ್ಡ ಬರ್ತಿದೆ, ಆದ್ರೆ ಕಣ್ಣು ಕನಿಷ್ಠ ಮೂರು ತಿಂಗಳು ಪೂರ್ತಿ ಶಾಂತವಾಗಿರೋ ತನಕ ಅದಕ್ಕೆ ಕೈ ಹಾಕಲ್ಲ ಅಂತ ಹೇಳಿದೀವಿ. ಎದೆ ಡಾಕ್ಟರು ಉಸಿರಾಟದ ಟೆಸ್ಟ್ ಮಾಡಿಸಿದ್ರು, ಅದು ಚೆನ್ನಾಗೇ ಇದೆ, ಶ್ವಾಸಕೋಶಕ್ಕೆ ಅಂತ ಬೇರೆ ಔಷಧಿ ಬೇಕಿಲ್ಲ, ಮತ್ತೆ ಸಿಟಿನೂ ಬೇಕಿಲ್ಲ, ಆರು ತಿಂಗಳಿಗೆ ಒಂದು ಎಕ್ಸ್‌ರೇ ಸಾಕು ಅಂದಿದಾರೆ, ಚೀಟಿಯಲ್ಲಿ ಸಾರ್ಕಾಯ್ಡೋಸಿಸ್ ಫಾಲೋಅಪ್, ಹೈಲಂ ಹೋಲಿಸಿ ನೋಡಿ ಅಂತ ಬರೆದು ಹಳೇ ಫಿಲಂ ಜೊತೆಗೇ ಕಳಿಸಿ ಅಂತ.